ಎರಡು ಕ್ರಿಯಾಪದ ಒಟ್ಟಿಗೆ ಬಂದಾಗ ಇಂಗ್ಲಿಷ್ ವಾಕ್ಯ ತಪ್ಪದಿರಲು: ಸಮಗ್ರ ಮಾರ್ಗದರ್ಶಿ

'ಹಿ ಮೇಡ್ ಮಿ ಟು ವೇಟ್.' 'ಐ ಟ್ರೈಡ್ ಟು ಕಾಲ್ಡ್ ಯು.' 'ಐ ಸಜೆಸ್ಟೆಡ್ ಹಿಮ್ ಟು ಗೋ.' 'ಐ ಆಮ್ ಲುಕಿಂಗ್ ಫಾರ್ವರ್ಡ್ ಟು ಹಿಯರ್ ಫ್ರಮ್ ಯು.'

ಈ ನಾಲ್ಕು ವಾಕ್ಯಗಳಲ್ಲೂ ತಪ್ಪಿದೆ. ಇದನ್ನು ಹೇಳುವವರಿಗೆ ಪದಗಳು ಗೊತ್ತಿಲ್ಲ ಅಂತಲ್ಲ. ಶಾಲೆ, ಕಾಲೇಜು ಎಲ್ಲಾ ಸೇರಿ ಹತ್ತು ಹನ್ನೆರಡು ವರ್ಷ ಇಂಗ್ಲಿಷ್ ಓದಿದವರೇ ಹೀಗೆ ಬರೆಯುತ್ತಾರೆ. ಅವರು ಎಡವುವ ಜಾಗ ಒಂದೇ. ಎರಡು ಕ್ರಿಯಾಪದಗಳು ಒಂದೇ ವಾಕ್ಯದಲ್ಲಿ ಸೇರುವ ಜಾಗ ಅದು. ಅಲ್ಲಿ 'ಟು' ಹಾಕಬೇಕಾ, 'ಇಂಗ್' ಹಾಕಬೇಕಾ, ಏನೂ ಹಾಕಬಾರದಾ ಎಂಬ ಗೊಂದಲ.

ಪಟ್ಟಿ ಬಾಯಿಪಾಠ ಮಾಡಿದರೆ ಇದು ಸರಿಹೋಗುವುದಿಲ್ಲ. ಅನೇಕರು ಪಟ್ಟಿಯಿಂದಲೇ ಶುರು ಮಾಡಿ, ವಾರದೊಳಗೆ ಬಿಟ್ಟುಬಿಡುತ್ತಾರೆ. ಕ್ರಮ ಮುಖ್ಯ. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ.

ಶುರು ಮಾಡುವ ಮುಂಚೆ ಬೇಕಾದದ್ದು

ಒಂದು ನೋಟ್‌ಬುಕ್, ಒಂದು ಪೆನ್ನು, ಮೊಬೈಲ್‌ನಲ್ಲಿ ದನಿ ರೆಕಾರ್ಡ್ ಮಾಡುವ ಆ್ಯಪ್. ಇದರ ಜೊತೆ ಕಲಿಯುವವರಿಗಾಗಿಯೇ ಮಾಡಿದ ಒಂದು ಇಂಗ್ಲಿಷ್ ನಿಘಂಟು ಬೇಕು. ಆಕ್ಸ್‌ಫರ್ಡ್, ಕೇಂಬ್ರಿಡ್ಜ್, ಲಾಂಗ್‌ಮನ್ ಮೂರೂ ಇಂಥ ನಿಘಂಟುಗಳನ್ನು ಇಂಟರ್ನೆಟ್ಟಿನಲ್ಲಿ ಉಚಿತವಾಗಿ ಇಟ್ಟಿವೆ.

ಇಂಗ್ಲಿಷ್-ಕನ್ನಡ ನಿಘಂಟು ಈ ಕೆಲಸಕ್ಕೆ ಸಾಲದು. ಅದು 'ಎಂಜಾಯ್' ಅಂದರೆ ಆನಂದಿಸು ಎಂದಷ್ಟೇ ಹೇಳುತ್ತದೆ. ಕಲಿಯುವವರ ನಿಘಂಟು 'ಎಂಜಾಯ್ ಡೂಯಿಂಗ್ ಸಮ್‌ಥಿಂಗ್' ಎಂದು ತೋರಿಸುತ್ತದೆ. ಅಂದರೆ ಆ ಪದದ ಹಿಂದೆ, ಅಂದರೆ ಅದು ಬಂದ ಮೇಲೆ, ಏನು ಬರಬೇಕು ಎಂಬುದೂ ಅಲ್ಲೇ ಇರುತ್ತದೆ. ನಮಗೆ ಬೇಕಾಗಿರುವುದು ಅದೇ.

ಮೂರು ಹೆಸರು ನೆನಪಿಡಿ. 'ಗೋ' ಎಂಬುದು ಬರಿ ರೂಪ. 'ಟು ಗೋ' ಎಂಬುದು ಟು ರೂಪ. 'ಗೋಯಿಂಗ್' ಎಂಬುದು ಇಂಗ್ ರೂಪ. ಮುಂದೆಲ್ಲಾ ಇದೇ ಹೆಸರುಗಳನ್ನು ಬಳಸುತ್ತೇನೆ.

ಹಂತ 1: ಕಾಲ ಹೊರುವ ಪದವನ್ನು ಗುರುತಿಸಿ

ಈ ಹಂತಕ್ಕೆ ಒಂದು ವಾರ ಪೂರ್ತಿ ಕೊಡಿ. ಅವಸರ ಬೇಡ.

ಒಂದು ಕನ್ನಡ ವಾಕ್ಯ ನೋಡಿ. 'ನಿನಗೆ ಫೋನ್ ಮಾಡೋಕೆ ಪ್ರಯತ್ನಪಟ್ಟೆ.' ಇಲ್ಲಿ ಎರಡು ಕ್ರಿಯೆಗಳಿವೆ. ಆದರೆ ಇದು ನಡೆದುಹೋದ ಕೆಲಸ ಅಂತ ಹೇಳುತ್ತಿರುವುದು ಕೊನೆಯ 'ಪಟ್ಟೆ' ಮಾತ್ರ. 'ಮಾಡೋಕೆ' ಬದಲಾಗುವುದೇ ಇಲ್ಲ. 'ನಾಳೆ ಫೋನ್ ಮಾಡೋಕೆ ಪ್ರಯತ್ನಪಡ್ತೀನಿ' ಅಂದಾಗಲೂ ಅದು 'ಮಾಡೋಕೆ'ಯೇ. 'ಮಾಡಿದೋಕೆ' ಅಂತ ಯಾರೂ ಹೇಳುವುದಿಲ್ಲ, ಅಲ್ವಾ?

ಇಂಗ್ಲಿಷಿನಲ್ಲೂ ಹಾಗೆಯೇ, ಕಾಲ ಹೊರುವುದು ಒಂದೇ ಪದ. ವ್ಯತ್ಯಾಸ ಜಾಗದಲ್ಲಿದೆ. ಕನ್ನಡದಲ್ಲಿ ಕಾಲ ಹೊರುವ ಪದ ಕೊನೆಗೆ ಬರುತ್ತದೆ. ಇಂಗ್ಲಿಷಿನಲ್ಲಿ ಅದು ಎರಡರಲ್ಲಿ ಮೊದಲನೆಯದು. 'ಐ ಟ್ರೈಡ್ ಟು ಕಾಲ್ ಯು.' 'ಟ್ರೈಡ್' ಅಂದ ಕೂಡಲೇ ಭೂತಕಾಲ ಹೇಳಿ ಆಯಿತು. ಆದರೆ ನಮ್ಮ ನಾಲಿಗೆಗೆ ಕೊನೆಯಲ್ಲಿ ಕಾಲ ಹಾಕಿ ಅಭ್ಯಾಸ. ಹಾಗಾಗಿ ಎರಡನೆಯ ಪದಕ್ಕೆ ಬಂದಾಗ ಇನ್ನೊಂದು ಸಲ ಕಾಲ ಹಾಕಿಬಿಡುತ್ತೇವೆ. 'ಟ್ರೈಡ್ ಟು ಕಾಲ್ಡ್' ಹುಟ್ಟುವುದು ಹೀಗೆ.

'ಡಿಡ್ ಯು ವೆಂಟ್?', 'ಐ ಡಿಂಟ್ ಕೇಮ್' ಕೂಡ ಇದೇ ತಪ್ಪು. 'ಡಿಡ್' ಎಂಬುದರಲ್ಲೇ ಭೂತಕಾಲ ಇದೆ. ಅದರ ಹಿಂದೆ ಬರುವುದು ಬರಿ ರೂಪ: 'ಡಿಡ್ ಯು ಗೋ?', 'ಐ ಡಿಂಟ್ ಕಮ್.'

ಮಾಡಬೇಕಾದ ಕೆಲಸ: ಇವತ್ತು ನೀವು ಮಾಡಿದ ಐದು ಕೆಲಸಗಳನ್ನು ಇಂಗ್ಲಿಷಿನಲ್ಲಿ ಬರೆಯಿರಿ. ಪ್ರತಿ ವಾಕ್ಯದಲ್ಲೂ ಕಾಲ ಹೊತ್ತ ಪದದ ಕೆಳಗೆ ಗೆರೆ ಎಳೆಯಿರಿ. ಒಂದೇ ವಾಕ್ಯದಲ್ಲಿ ಎರಡು ಗೆರೆ ಬಂದರೆ ನಿಂತು ನೋಡಿ. ನಡುವೆ 'ಅಂಡ್' ಇದ್ದರೆ ಪರವಾಗಿಲ್ಲ. 'ಹೋಗಿ ಹಾಲು ತಂದೆ' ಎಂಬುದು 'ಐ ವೆಂಟ್ ಅಂಡ್ ಬಾಟ್ ಮಿಲ್ಕ್' ಆಗುತ್ತದೆ. ಅಲ್ಲಿ ಎರಡೂ ಪದ ಕಾಲ ಹೊರುತ್ತವೆ. ನಡುವೆ 'ಟು' ಇದ್ದು, ಇಲ್ಲವೇ ಮೊದಲ ಪದ 'ಡಿಡ್' ಆಗಿದ್ದು ಎರಡು ಗೆರೆ ಬಂದರೆ ಮಾತ್ರ ಎರಡನೆಯದನ್ನು ಬರಿ ರೂಪಕ್ಕೆ ತನ್ನಿ.

ಹಂತ 2: ಮೊದಲ ಪದದ ಬಾಲ ಕಲಿಯಿರಿ

ಎರಡನೆಯ ಕ್ರಿಯಾಪದ ಯಾವ ರೂಪದಲ್ಲಿರಬೇಕು ಎಂದು ತೀರ್ಮಾನಿಸುವುದು ಮೊದಲನೆಯ ಕ್ರಿಯಾಪದ. ಈ ಒಂದು ಮಾತು ಮನಸ್ಸಿನಲ್ಲಿ ಕೂತರೆ ಅರ್ಧ ಕೆಲಸ ಮುಗಿಯಿತು. ಪ್ರತಿ ಪದಕ್ಕೂ ತನ್ನದೇ ಒಂದು ಬಾಲ ಇದೆ. ಪದವನ್ನು ಬಾಲದ ಜೊತೆಗೇ ಕಲಿಯಬೇಕು.

ಬರಿ ರೂಪ ಕೇಳುವವು: ಕ್ಯಾನ್, ಕುಡ್, ವಿಲ್, ವುಡ್, ಶುಡ್, ಮಸ್ಟ್, ಮೇ. ಇವುಗಳ ಹಿಂದೆ 'ಟು' ಬರುವುದಿಲ್ಲ. ನಮ್ಮಲ್ಲಿ ಜಾಸ್ತಿ ಕೇಳಿಬರುವ ತಪ್ಪು 'ಐ ಕ್ಯಾನ್ ಏಬಲ್ ಟು ಡೂ'. 'ಕ್ಯಾನ್' ಮತ್ತು 'ಏಬಲ್ ಟು' ಎರಡಕ್ಕೂ ಒಂದೇ ಅರ್ಥ. 'ಐ ಕ್ಯಾನ್ ಡೂ' ಅನ್ನಿ, ಇಲ್ಲವೇ 'ಐ ಆಮ್ ಏಬಲ್ ಟು ಡೂ' ಅನ್ನಿ. ದಿನದ ಮಾತಿಗೆ ಮೊದಲನೆಯದೇ ಚೆನ್ನ.

ಟು ರೂಪ ಕೇಳುವವು: ವಾಂಟ್, ನೀಡ್, ಡಿಸೈಡ್, ಪ್ಲಾನ್, ಹೋಪ್, ಅಗ್ರೀ, ರೆಫ್ಯೂಸ್, ಪ್ರಾಮಿಸ್, ಮ್ಯಾನೇಜ್, ಲರ್ನ್. 'ಶಿ ಅಗ್ರೀಡ್ ಟು ಕಮ್.' 'ವಿ ಡಿಸೈಡೆಡ್ ಟು ಸ್ಟೇ.'

ಇಂಗ್ ರೂಪ ಕೇಳುವವು: ಎಂಜಾಯ್, ಫಿನಿಶ್, ಅವಾಯ್ಡ್, ಮೈಂಡ್, ಸಜೆಸ್ಟ್, ಕೀಪ್, ಪ್ರಾಕ್ಟೀಸ್, ಗಿವ್ ಅಪ್. 'ಐ ಫಿನಿಶ್ಡ್ ಕುಕಿಂಗ್.' 'ಹಿ ಕೀಪ್ಸ್ ಕಾಲಿಂಗ್.'

ಲೈಕ್, ಲವ್, ಹೇಟ್, ಸ್ಟಾರ್ಟ್, ಬಿಗಿನ್, ಕಂಟಿನ್ಯೂ ಇವು ಎರಡಕ್ಕೂ ಒಪ್ಪುತ್ತವೆ. ಅವುಗಳ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ.

ಕನ್ನಡ ಇಲ್ಲಿ ಸ್ವಲ್ಪ ಸಹಾಯ ಮಾಡುತ್ತದೆ. ನಾವು 'ಬರೋಕೆ ಒಪ್ಪಿದಳು', 'ಬರೋಕೆ ನಿರಾಕರಿಸಿದಳು' ಅನ್ನುತ್ತೇವೆ. 'ಓಕೆ' ಬಂದಲ್ಲಿ ಇಂಗ್ಲಿಷಿನಲ್ಲಿ ಬಹಳ ಸಲ ಟು ರೂಪ. 'ಅಡುಗೆ ಮಾಡೋದನ್ನ ಮುಗಿಸಿದೆ', 'ಸಿಗರೇಟು ಸೇದೋದನ್ನ ಬಿಟ್ಟ' ಅನ್ನುತ್ತೇವೆ. 'ಓದನ್ನ' ಬಂದಲ್ಲಿ ಬಹಳ ಸಲ ಇಂಗ್ ರೂಪ. ಮಾತಿನ ಮಧ್ಯೆ ಬಾಲ ನೆನಪಾಗದಿದ್ದರೆ ಈ ಅಂದಾಜಿನ ಮೇಲೆ ಹೋಗಿ.

ಆದರೆ ಇದನ್ನು ಪೂರ್ತಿ ನಂಬಬೇಡಿ. 'ಮಾತ್ರೆ ತಗೊಳ್ಳೋದನ್ನ ಮರೆತೆ' ಎಂಬುದಕ್ಕೆ ಸರಿಯಾದ ಇಂಗ್ಲಿಷ್ 'ಐ ಫರ್‌ಗಾಟ್ ಟು ಟೇಕ್ ದ ಟ್ಯಾಬ್ಲೆಟ್'. 'ಈಜೋದನ್ನ ಕಲಿತೆ' ಎಂಬುದು 'ಐ ಲರ್ನ್ಡ್ ಟು ಸ್ವಿಮ್'. ಸಂಶಯ ಬಂದರೆ ನಿಘಂಟು ತೆರೆಯಿರಿ.

ನೋಟ್‌ಬುಕ್ಕಿನಲ್ಲಿ ಬರೆಯುವ ರೀತಿ: 'ಅವಾಯ್ಡ್ = ತಪ್ಪಿಸು' ಎಂದು ಬರೆಯಬೇಡಿ. 'ಅವಾಯ್ಡ್ ಡೂಯಿಂಗ್' ಎಂದು ಬರೆದು, ಕೆಳಗೆ ನಿಮ್ಮ ಬದುಕಿನ ಒಂದು ನಿಜವಾದ ವಾಕ್ಯ ಬರೆಯಿರಿ. 'ಐ ಅವಾಯ್ಡ್ ಡ್ರೈವಿಂಗ್ ಅಟ್ ನೈಟ್' ನಿಮ್ಮ ವಿಷಯದಲ್ಲಿ ನಿಜವಾಗಿದ್ದರೆ ಅದು ಮರೆತುಹೋಗುವುದಿಲ್ಲ. ದಿನಕ್ಕೆ ಮೂರು ಪದ ಸಾಕು.

ಹಂತ 3: ನಡುವೆ ಇನ್ನೊಬ್ಬರು ಬಂದಾಗ

ಕೆಲಸ ಹೇಳುವವರು ಒಬ್ಬರು, ಮಾಡುವವರು ಇನ್ನೊಬ್ಬರು. ಮನೆಯಲ್ಲಿ, ಆಫೀಸಿನಲ್ಲಿ ನಮ್ಮ ಮಾತೆಲ್ಲಾ ಇದೇ. ಹಾಗಾಗಿ ಜಾಸ್ತಿ ತಪ್ಪುಗಳೂ ಇಲ್ಲೇ.

ವಾಂಟ್, ಆಸ್ಕ್, ಟೆಲ್, ಅಲೋ, ಅಡ್ವೈಸ್, ರಿಮೈಂಡ್ ಇವುಗಳ ಹಿಂದೆ ಆ ವ್ಯಕ್ತಿ ಬರುತ್ತಾರೆ, ಆಮೇಲೆ ಟು ರೂಪ. 'ಅಮ್ಮ ನನಗೆ ಬೇಗ ಬಾ ಅಂದರು' ಎಂಬುದು 'ಅಮ್ಮ ಟೋಲ್ಡ್ ಮಿ ಟು ಕಮ್ ಅರ್ಲಿ'. ಕನ್ನಡದಲ್ಲಿ ನಾವು ಅವರು ಆಡಿದ ಮಾತನ್ನೇ ಎತ್ತಿ ಇಟ್ಟು 'ಅಂದರು' ಸೇರಿಸುತ್ತೇವೆ. ಆ ಅಭ್ಯಾಸದಿಂದ 'ಶಿ ಟೋಲ್ಡ್ ಮಿ ಕಮ್ ಅರ್ಲಿ' ಬಂದುಬಿಡುತ್ತದೆ. ಬೇಡ ಅಂದಾಗ ಇನ್ನೂ ಜಾಸ್ತಿ. 'ಹೋಗಬೇಡ ಅಂದರು' ಎಂಬುದು 'ಟೋಲ್ಡ್ ಮಿ ಡೋಂಟ್ ಗೋ' ಆಗುತ್ತದೆ. ಸರಿಯಾದದ್ದು 'ಟೋಲ್ಡ್ ಮಿ ನಾಟ್ ಟು ಗೋ'. 'ನಾಟ್' ಮೊದಲು, 'ಟು' ಆಮೇಲೆ.

ಮೇಕ್ ಮತ್ತು ಲೆಟ್ ಈ ಗುಂಪಿಗೆ ಸೇರುವುದಿಲ್ಲ. ಇವು ಬರಿ ರೂಪ ಕೇಳುತ್ತವೆ. ನೆನಪಿಡುವ ದಾರಿ ಕನ್ನಡದಲ್ಲೇ ಇದೆ. ಕಾಯು ಎಂಬುದಕ್ಕೆ 'ಇಸು' ಸೇರಿಸಿದರೆ ಕಾಯಿಸು. ನಗು, ನಗಿಸು. ಅಳು, ಅಳಿಸು. ಈ 'ಇಸು'ವಿನ ಕೆಲಸವನ್ನು ಇಂಗ್ಲಿಷಿನಲ್ಲಿ 'ಮೇಕ್' ಮಾಡುತ್ತದೆ. 'ಕಾಯಿಸಿದರು' ಎಂಬುದು ಒಂದೇ ಪದ, ನಡುವೆ ಏನೂ ಸಂದು ಇಲ್ಲ. ಹಾಗೆಯೇ 'ಮೇಡ್ ಮಿ ವೇಟ್' ಎಂಬಲ್ಲೂ 'ಟು' ತೂರುವುದಿಲ್ಲ. 'ಹೋಗೋಕೆ ಬಿಟ್ಟರು' ಎಂಬುದು 'ಲೆಟ್ ಮಿ ಗೋ'. 'ಹೆಲ್ಪ್' ಎರಡಕ್ಕೂ ಒಪ್ಪುತ್ತದೆ: 'ಹೆಲ್ಪ್ ಮಿ ಕ್ಯಾರಿ', 'ಹೆಲ್ಪ್ ಮಿ ಟು ಕ್ಯಾರಿ' ಎರಡೂ ಸರಿ. ಕಾಯಿಸಿದವರನ್ನು ಬಿಟ್ಟು 'ನನ್ನನ್ನು ಕಾಯಿಸಲಾಯಿತು' ಎಂದು ಹೇಳುವಾಗ ಮಾತ್ರ ಆ 'ಟು' ವಾಪಸ್ ಬರುತ್ತದೆ: 'ಐ ವಾಸ್ ಮೇಡ್ ಟು ವೇಟ್.' ಇದು ಜಾಸ್ತಿ ಬೇಕಾಗುವುದಿಲ್ಲ. ನೋಡಿದಾಗ ಗಾಬರಿಯಾಗದಿದ್ದರೆ ಸಾಕು.

ದುಡ್ಡು ಕೊಟ್ಟು ಮಾಡಿಸುವ ಕೆಲಸಕ್ಕೆ ಬೇರೆ ದಾರಿ. 'ಬೈಕ್ ರಿಪೇರಿ ಮಾಡಿಸಿದೆ' ಅಂತ ಹೇಳಲು ಹೋಗಿ 'ಐ ರಿಪೇರ್ಡ್ ಮೈ ಬೈಕ್' ಅಂದರೆ, ಸ್ಪ್ಯಾನರ್ ಹಿಡಿದು ನೀವೇ ರಿಪೇರಿ ಮಾಡಿದಿರಿ ಎಂದಾಗುತ್ತದೆ. 'ಐ ಗಾಟ್ ಮೈ ಬೈಕ್ ರಿಪೇರ್ಡ್' ಅನ್ನಿ. ಕೂದಲಿಗೂ ಅಷ್ಟೇ: 'ಐ ಗಾಟ್ ಮೈ ಹೇರ್ ಕಟ್.'

ಇನ್ನು 'ಸಜೆಸ್ಟ್'. ಇದರ ಹಿಂದೆ ವ್ಯಕ್ತಿ ಮತ್ತು ಟು ರೂಪ ಬರುವಂತಿಲ್ಲ. 'ಡಾಕ್ಟರಿಗೆ ತೋರಿಸು ಅಂತ ಅವನಿಗೆ ಸಲಹೆ ಕೊಟ್ಟೆ' ಎಂಬುದಕ್ಕೆ 'ಐ ಸಜೆಸ್ಟೆಡ್ ದಟ್ ಹಿ ಶುಡ್ ಸೀ ಎ ಡಾಕ್ಟರ್' ಅನ್ನಿ. ಉದ್ದವಾಯಿತು ಅನ್ನಿಸಿದರೆ ಪದವನ್ನೇ ಬದಲಾಯಿಸಿ: 'ಐ ಅಡ್ವೈಸ್ಡ್ ಹಿಮ್ ಟು ಸೀ ಎ ಡಾಕ್ಟರ್.' ನಾನು ಎಲ್ಲರಿಗೂ ಎರಡನೆಯದನ್ನೇ ಹೇಳಿಕೊಡುತ್ತೇನೆ. ಬಾಯಿಗೆ ಸಲೀಸು.

ಹಂತ 4: 'ಟು'ಗಳಲ್ಲಿ ಎರಡು ಜಾತಿ

ಕೆಲಸಕ್ಕೆ ಅರ್ಜಿ ಹಾಕುವ ಮೇಲ್‌ಗಳ ಕೊನೆಯ ಸಾಲು ನೋಡಿ. 'ಲುಕಿಂಗ್ ಫಾರ್ವರ್ಡ್ ಟು ಹಿಯರ್' ಅಂತ ಇರುತ್ತದೆ. 'ಟು' ಬಂತಲ್ಲ, ಹಾಗಾಗಿ ಬರಿ ರೂಪ ಎಂಬ ಲೆಕ್ಕ. ಆದರೆ ಈ 'ಟು' ಬೇರೆ. ಇದು 'ಟು ಮೈಸೂರು', 'ಟು ಮೈ ಫ್ರೆಂಡ್' ಎಂಬಲ್ಲಿ ಬರುವ 'ಟು'. ಅದರ ಹಿಂದೆ ಹೆಸರು ಬರಬೇಕು. ಕ್ರಿಯಾಪದ ಹೆಸರಿನ ಜಾಗದಲ್ಲಿ ಕೂರಬೇಕಾದರೆ ಇಂಗ್ ರೂಪವೇ ಆಗಬೇಕು.

ಪರೀಕ್ಷೆ ಸುಲಭ, ಬಹಳ ಸಲ ಕೆಲಸ ಮಾಡುತ್ತದೆ ('ಅಗ್ರೀ'ಯಂಥ ಕೆಲವು ಪದಗಳಿಗೆ ಮಾತ್ರ ಒಪ್ಪುವುದಿಲ್ಲ). 'ಟು' ಹಿಂದೆ 'ಇಟ್' ಇಟ್ಟು ನೋಡಿ. 'ಐ ಆಮ್ ಲುಕಿಂಗ್ ಫಾರ್ವರ್ಡ್ ಟು ಇಟ್' ಸರಿಯಾಗಿ ಕೇಳಿಸುತ್ತದೆ. ಹಾಗಾದರೆ ಇಂಗ್ ರೂಪ: 'ಟು ಹಿಯರಿಂಗ್ ಫ್ರಮ್ ಯು.' 'ಐ ವಾಂಟ್ ಟು ಇಟ್' ಕೇಳಿಸುವುದೇ ಇಲ್ಲ. ಹಾಗಾದರೆ ಬರಿ ರೂಪ: 'ಐ ವಾಂಟ್ ಟು ಹಿಯರ್.'

ಇದೇ ಪರೀಕ್ಷೆ 'ಯೂಸ್ಡ್ ಟು'ವಿನ ಗೊಂದಲವನ್ನೂ ಬಿಡಿಸುತ್ತದೆ. 'ಮುಂಚೆ ಹುಬ್ಬಳ್ಳಿಯಲ್ಲಿ ಇದ್ದೆ' ಅನ್ನಲು 'ಐ ಯೂಸ್ಡ್ ಟು ಲಿವ್ ಇನ್ ಹುಬ್ಬಳ್ಳಿ'. 'ಒಬ್ಬನೇ ಇದ್ದು ಅಭ್ಯಾಸ ಆಗಿದೆ' ಅನ್ನಲು 'ಐ ಆಮ್ ಯೂಸ್ಡ್ ಟು ಲಿವಿಂಗ್ ಅಲೋನ್'. ಎರಡನೆಯದರಲ್ಲಿ 'ಆಮ್' ಇದೆ, ಅಲ್ಲಿ 'ಇಟ್' ಇಡಬಹುದು. ಈಗಿನ ದಿನಚರಿ ಹೇಳುವಾಗ ಈ ಪದವೇ ಬೇಡ. 'ದಿನಾ ವಾಕಿಂಗ್ ಹೋಗ್ತೀನಿ' ಎಂಬುದಕ್ಕೆ 'ಐ ಯೂಸ್ ಟು ಗೋ' ಅನ್ನುವವರು ತುಂಬಾ ಜನ. ಸುಮ್ನೆ 'ಐ ಗೋ ಫಾರ್ ಎ ವಾಕ್ ಎವ್ರಿ ಡೇ' ಅಂದರೆ ಆಯಿತು.

ಇನ್, ಆಫ್, ಅಟ್, ಫಾರ್, ವಿದೌಟ್ ಇವುಗಳ ಹಿಂದೆಯೂ ಇಂಗ್ ರೂಪವೇ. 'ಇಂಟರೆಸ್ಟೆಡ್ ಇನ್ ಲರ್ನಿಂಗ್', 'ಗುಡ್ ಅಟ್ ಕುಕಿಂಗ್', 'ವಿದೌಟ್ ಈಟಿಂಗ್'.

ಒಂದು ಎಚ್ಚರಿಕೆ. 'ನಿಮ್ಮನ್ನ ನೋಡೋಕೆ ಬಂದೆ' ಎಂಬುದರ 'ಕೆ' ನಮ್ಮನ್ನು 'ಫಾರ್' ಕಡೆಗೆ ಎಳೆಯುತ್ತದೆ. 'ಐ ಕೇಮ್ ಫಾರ್ ಸೀಯಿಂಗ್ ಯು' ಬೇಡ. ಯಾಕೆ ಬಂದೆ, ಯಾಕೆ ಹೋದೆ ಎಂದು ಹೇಳುವಾಗ ಟು ರೂಪ: 'ಐ ಕೇಮ್ ಟು ಸೀ ಯು.'

ಹಂತ 5: ರೂಪ ಬದಲಾದರೆ ಅರ್ಥವೇ ಬದಲಾಗುವ ನಾಲ್ಕು ಪದ

ಸ್ಟಾಪ್, ರಿಮೆಂಬರ್, ಫರ್‌ಗೆಟ್, ಟ್ರೈ. ಇವು ಎರಡೂ ರೂಪ ತೆಗೆದುಕೊಳ್ಳುತ್ತವೆ, ಆದರೆ ಅರ್ಥ ಬೇರೆ ಬೇರೆ.

'ವಿ ಸ್ಟಾಪ್ಡ್ ಟು ಡ್ರಿಂಕ್ ಟೀ' ಅಂದರೆ ಟೀ ಕುಡಿಯೋಕೆ ನಿಂತೆವು. 'ವಿ ಸ್ಟಾಪ್ಡ್ ಡ್ರಿಂಕಿಂಗ್ ಟೀ' ಅಂದರೆ ಟೀ ಕುಡಿಯೋದನ್ನೇ ನಿಲ್ಲಿಸಿದೆವು. ಡಾಕ್ಟರ ಮುಂದೆ ಇದು ಅದಲುಬದಲಾದರೆ ತೊಂದರೆ.

'ರಿಮೆಂಬರ್ ಟು ಲಾಕ್ ದ ಡೋರ್' ಅಂದರೆ ಮುಂದೆ ಮಾಡಬೇಕಾದ ಕೆಲಸ, ನೆನಪಿಟ್ಟು ಬೀಗ ಹಾಕು. 'ಐ ರಿಮೆಂಬರ್ ಲಾಕಿಂಗ್ ದ ಡೋರ್' ಅಂದರೆ ಆಗಿಹೋದದ್ದು, ಬೀಗ ಹಾಕಿದ ನೆನಪಿದೆ. 'ಫರ್‌ಗೆಟ್' ಕೂಡ ಹೀಗೆಯೇ. ಟು ರೂಪ ಮುಂದಕ್ಕೆ ನೋಡುತ್ತದೆ, ಇಂಗ್ ರೂಪ ಹಿಂದಕ್ಕೆ.

'ಟ್ರೈ' ಸ್ವಲ್ಪ ಬೇರೆ. 'ಐ ಟ್ರೈಡ್ ಟು ಓಪನ್ ದ ವಿಂಡೋ' ಅಂದರೆ ತೆರೆಯಲು ಕಷ್ಟಪಟ್ಟೆ. 'ಟ್ರೈ ರೀಸ್ಟಾರ್ಟಿಂಗ್ ದ ಫೋನ್' ಅಂದರೆ ಒಂದು ಸಲ ಹೀಗೆ ಮಾಡಿ ನೋಡು. ಕನ್ನಡದ 'ಮಾಡಿ ನೋಡು' ಬಂದ ಕಡೆ ಇಂಗ್ ರೂಪ ಅಂತ ಗುರುತಿಟ್ಟುಕೊಳ್ಳಿ.

ಹಂತ 6: ಕ್ರಿಯಾವಿಶೇಷಣ ಎಲ್ಲಿ ಕೂರಬೇಕು

ಹೇಗೆ, ಎಲ್ಲಿ, ಯಾವಾಗ, ಎಷ್ಟು ಸಲ ಎಂದು ಹೇಳುವ ಪದಗಳಿವು. ಕನ್ನಡದಲ್ಲಿ ಇವನ್ನು ಅತ್ತ ಇತ್ತ ಸರಿಸಿದರೂ ನಡೆಯುತ್ತದೆ. 'ಚೆನ್ನಾಗಿ ಇಂಗ್ಲಿಷ್ ಮಾತಾಡ್ತಾಳೆ', 'ಇಂಗ್ಲಿಷ್ ಚೆನ್ನಾಗಿ ಮಾತಾಡ್ತಾಳೆ' ಎರಡೂ ಸರಿ. ಇಂಗ್ಲಿಷಿನಲ್ಲಿ ಹಾಗಲ್ಲ. ಕ್ರಿಯಾಪದಕ್ಕೂ ಅದರ ಕರ್ಮಪದಕ್ಕೂ ನಡುವೆ ಏನನ್ನೂ ತೂರಿಸಬಾರದು. 'ಶಿ ಸ್ಪೀಕ್ಸ್ ವೆಲ್ ಇಂಗ್ಲಿಷ್' ತಪ್ಪು, 'ಶಿ ಸ್ಪೀಕ್ಸ್ ಇಂಗ್ಲಿಷ್ ವೆಲ್' ಸರಿ.

ಜಾಗ ಮತ್ತು ಸಮಯಕ್ಕೆ ಕನ್ನಡವನ್ನು ಕನ್ನಡಿಯಲ್ಲಿ ನೋಡಿದಂತೆ ತಿರುಗಿಸಿ. 'ನಿನ್ನೆ, ಮೈಸೂರಿಗೆ, ಹೋದೆ.' ಹಿಂದಿನಿಂದ ಓದಿದರೆ 'ವೆಂಟ್, ಟು ಮೈಸೂರು, ಯೆಸ್ಟರ್‌ಡೇ.'

ಆಲ್ವೇಸ್, ಆಫನ್, ಯೂಶುಯಲಿ, ನೆವರ್ ಇವು ಕ್ರಿಯಾಪದದ ಮುಂಚೆ: 'ಐ ಆಲ್ವೇಸ್ ವಾಕ್.' ಆಮ್, ಈಸ್, ಆರ್ ಇದ್ದರೆ ಅವುಗಳ ಹಿಂದೆ: 'ಶಿ ಈಸ್ ಆಲ್ವೇಸ್ ಲೇಟ್.' ಎರಡು ಪದದ ಕ್ರಿಯಾಪದವಾದರೆ ನಡುವೆ: 'ಐ ಹ್ಯಾವ್ ನೆವರ್ ಸೀನ್ ಬೀದರ್.'

ಕನ್ನಡದ 'ಆಗಿ'ಗೆ ಇಂಗ್ಲಿಷಿನ 'ಲಿ' ಸಮ ಅಂತ ಶಾಲೆಯಲ್ಲಿ ಕಲಿತಿದ್ದೇವೆ. ಸುಲಭವಾಗಿ, 'ಈಸಿಲಿ'. ನಿಧಾನವಾಗಿ, 'ಸ್ಲೋಲಿ'. ಆದರೆ ಫಾಸ್ಟ್, ಹಾರ್ಡ್, ಲೇಟ್ ಇವುಗಳಿಗೆ 'ಲಿ' ಹಚ್ಚಬೇಡಿ. 'ಫಾಸ್ಟ್‌ಲಿ' ಎಂದು ಯಾರೂ ಹೇಳುವುದಿಲ್ಲ. 'ಲೇಟ್‌ಲಿ' ಅಂದರೆ ಇತ್ತೀಚೆಗೆ. 'ಹಾರ್ಡ್ಲಿ' ಅಂದರೆ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಇಂಟರ್‌ವ್ಯೂನಲ್ಲಿ 'ಐ ಹಾರ್ಡ್ಲಿ ವರ್ಕ್' ಅಂದರೆ 'ನಾನು ಕೆಲಸ ಮಾಡೋದೇ ಅಪರೂಪ' ಎಂದಾಗುತ್ತದೆ. 'ಐ ವರ್ಕ್ ಹಾರ್ಡ್' ಅನ್ನಿ.

ಸ್ವಿಚ್ ಆಫ್, ಪಿಕ್ ಅಪ್, ಥ್ರೋ ಅವೇ ಇಂಥ ಜೋಡಿಗಳಲ್ಲಿ ಒಂದು ಮಾತು ಸಾಕು. 'ಇಟ್', 'ದೆಮ್' ಬಂದರೆ ನಡುವೆ ಕೂರಿಸಿ. 'ಸ್ವಿಚ್ ಇಟ್ ಆಫ್.' 'ಸ್ವಿಚ್ ಆಫ್ ಇಟ್' ಅಲ್ಲ.

ಇನ್ನು ನಮ್ಮ ಕನ್ನಡದಿಂದ ನೇರವಾಗಿ ಇಳಿದು ಬರುವ ಮೂರು ಪದಗಳಿವೆ. 'ನಿನ್ನೆನೇ ಬಂದೆ' ಎಂಬುದರ 'ಏ' ಇಂಗ್ಲಿಷಿನಲ್ಲಿ 'ಓನ್ಲಿ' ಆಗಿ 'ಐ ಕೇಮ್ ಯೆಸ್ಟರ್‌ಡೇ ಓನ್ಲಿ' ಬರುತ್ತದೆ. 'ನಾನೂ ಬರ್ತೀನಿ' ಎಂಬುದರ 'ಊ' 'ಈವನ್ ಐ ವಿಲ್ ಕಮ್' ಆಗುತ್ತದೆ. 'ಸುಮ್ನೆ ಬಂದೆ' ಎಂಬುದು 'ಐ ಸಿಂಪ್ಲಿ ಕೇಮ್' ಆಗುತ್ತದೆ. ನಮ್ಮ ನಮ್ಮಲ್ಲಿ ಹೀಗೆ ಮಾತಾಡಿದರೆ ಎಲ್ಲರಿಗೂ ಅರ್ಥವಾಗುತ್ತದೆ. ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ಆದರೆ ಹೊರದೇಶದವರ ಜೊತೆ ಮಾತಾಡುವಾಗ, ಹೊರದೇಶಕ್ಕೆ ಹೋಗುವವರು ಬರೆಯುವ ಐಇಎಲ್‌ಟಿಎಸ್ ಥರದ ಇಂಗ್ಲಿಷ್ ಪರೀಕ್ಷೆಯಲ್ಲಿ, ಇವು ಬೇಡ. ಅಲ್ಲಿನ ಮಾತಿನ ಪರೀಕ್ಷೆಯ 4 ಮಾನದಂಡಗಳಲ್ಲಿ ವ್ಯಾಕರಣವೂ ಒಂದು, ನಾಲ್ಕಕ್ಕೂ ಸಮ ತೂಕ. ಅಲ್ಲಿ 'ಐ ಕೇಮ್ ಜಸ್ಟ್ ಯೆಸ್ಟರ್‌ಡೇ', 'ಐ ವಿಲ್ ಕಮ್ ಟೂ', 'ಐ ಜಸ್ಟ್ ಡ್ರಾಪ್ಡ್ ಇನ್' ಅನ್ನಿ.

ಹಂತ 7: 'ನನಗೆ ಕಷ್ಟ' ಅನ್ನುವ ವಾಕ್ಯಗಳು

'ನನಗೆ ನಾಳೆ ಬರೋದು ಕಷ್ಟ' ಎಂಬುದನ್ನು 'ಐ ಆಮ್ ಡಿಫಿಕಲ್ಟ್ ಟು ಕಮ್' ಎಂದು ಹೇಳಿದರೆ ಕಷ್ಟದ ಮನುಷ್ಯ ನೀವೇ ಆಗುತ್ತೀರಿ. ವಾಕ್ಯವನ್ನು 'ಇಟ್' ಇಂದ ಶುರು ಮಾಡಿ: 'ಇಟ್ ಈಸ್ ಡಿಫಿಕಲ್ಟ್ ಫಾರ್ ಮಿ ಟು ಕಮ್ ಟುಮಾರೋ.' ಸುಲಭ, ಅಸಾಧ್ಯ, ಮುಖ್ಯ ಎಲ್ಲಕ್ಕೂ ಇದೇ ಅಚ್ಚು.

'ನನಗೆ ಈಜೋಕೆ ಬರುತ್ತೆ' ಅನ್ನಲು 'ಐ ನೋ ಸ್ವಿಮ್ಮಿಂಗ್' ಬದಲು 'ಐ ನೋ ಹೌ ಟು ಸ್ವಿಮ್' ಅಥವಾ 'ಐ ಕ್ಯಾನ್ ಸ್ವಿಮ್'.

ದಿನದ ಅಭ್ಯಾಸ ಮತ್ತು ಕೊನೆಯ ತಪಾಸಣೆ

ದಿನಕ್ಕೆ 15 ನಿಮಿಷ ಇಡಿ. ಮೊದಲ 5 ನಿಮಿಷ ನೋಟ್‌ಬುಕ್ಕಿನ ಹಳೆಯ ವಾಕ್ಯಗಳನ್ನು ಜೋರಾಗಿ ಓದಿ. ಮುಂದಿನ 5 ನಿಮಿಷ ಆ ದಿನದ ಘಟನೆಯೊಂದನ್ನು ನಿಲ್ಲಿಸದೆ ಹೇಳಿ ರೆಕಾರ್ಡ್ ಮಾಡಿ. ಉಳಿದ 5 ನಿಮಿಷ ಅದನ್ನು ಕೇಳಿ, ತಪ್ಪಿದ ವಾಕ್ಯಗಳನ್ನು ಮಾತ್ರ ಬರೆದು ತಿದ್ದಿ. ಮಾತಾಡುವಾಗ ನಡುವೆ ತಿದ್ದಿಕೊಳ್ಳಲು ಹೋಗಬೇಡಿ, ಮಾತೇ ನಿಂತುಹೋಗುತ್ತದೆ. ರೆಕಾರ್ಡ್ ಇರುವುದೇ ಅದಕ್ಕೆ.

ಒಂದೇ ತಪ್ಪು ಮೂರು ದಿನ ಬಂದರೆ ಹೊಸ ಪದ ಕಲಿಯುವುದನ್ನು ನಿಲ್ಲಿಸಿ. ಆ ತಪ್ಪು ಯಾವ ಹಂತದ್ದು ಎಂದು ನೋಡಿ, ಅಲ್ಲಿಗೆ ವಾಪಸ್ ಹೋಗಿ. ಬಹಳ ಸಲ ಅದು ಮೊದಲ ಹಂತವೇ ಆಗಿರುತ್ತದೆ.

ಮುಖ್ಯವಾದ ಮೇಲ್ ಕಳಿಸುವ ಮುಂಚೆ ಅದರಲ್ಲಿ ಕ್ರಿಯಾಪದಕ್ಕಿಂತ ಮುಂಚೆ ಬರುವ ಪ್ರತಿ 'ಟು' ಮೇಲೆ ಬೆರಳಿಟ್ಟು ನೋಡಿ. ಅದರ ಹಿಂದೆ 'ಇಟ್' ಇಡಬಹುದಾದರೆ ಇಂಗ್ ರೂಪ ಇದೆಯಾ? ಇಡಲಾಗದಿದ್ದರೆ ಬರಿ ರೂಪ ಇದೆಯಾ? ಆಮೇಲೆ ಮೇಕ್, ಲೆಟ್, ಸಜೆಸ್ಟ್ ಹುಡುಕಿ ಅವುಗಳ ಬಾಲ ನೋಡಿ. ಎರಡು ನಿಮಿಷದ ಕೆಲಸ. ಇದು ಮುಗಿದ ಮೇಲೆಯೇ 'ಸೆಂಡ್' ಒತ್ತಿ.